ಬಕೆಟ್ ಹಿಡಿದವಳು

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸ ಇಷ್ಟು. ನಾಲ್ಕೂವರೆಗೆ ಎದ್ದು, ಪಕ್ಕದ ಮನೆಯವರು ಹಾಕುವ ಮೊದಲೇ ಮೋಟರು ಹಾಕಿ ತೊಟ್ಟಿ ತುಂಬಿಸುವುದು. ನೆನೆಹಾಕಿದ ಪಾತ್ರೆ ತಿಕ್ಕುವುದು. ಬಚ್ಚಲ ತೂತಿಗೆ ಸಿಕ್ಕಿಕೊಂಡ ಕೂದಲ ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದೆಳೆಯುವುದು. ಉದ್ದದ ಕೂದಲು ಅವಳದು, ಗಿಡ್ಡದ್ದು ಗಂಡನದು, ಲೋಳೆ ಮಾತ್ರ ಇಬ್ಬರ ಆಸ್ತಿ. ಗಂಡನ ಹಲ್ಲಿನ ಸೆಟ್ಟು ಮುಳುಗಿಸಿಟ್ಟ ಲೋಟದ ನೀರು ಚೆಲ್ಲಿ, ಸೆಟ್ಟಿನ ಸಂದಿಗಳನ್ನು ಹಳೆಯ ಬ್ರಷ್ಷಿನಿಂದ ಉಜ್ಜುವುದು. ಅವನು ಹಿಂದಿನ ದಿನ ಹೊರಗೆ ಏನು ತಿಂದು ಬಂದ ಅಂತ ಅವನು ಬಾಯಿ ಬಿಡಬೇಕಿರಲಿಲ್ಲ, ಆ ಲೋಟವೇ ಹೇಳುತ್ತಿತ್ತು. ಆಮೇಲೆ ದೀಪದ ಕೆಳಗೆ ಕೂತು ಶಾಲೆಯ ಹನ್ನೆರಡು ಸ್ವೆಟರುಗಳಿಗೆ ಕೊರಳಪಟ್ಟಿ ಕೂಡಿಸುವುದು.

ತಿಂಗಳ ಮೊದಲ ಭಾನುವಾರವಾದರೆ ಇದರ ಮೇಲೆ ಇನ್ನೊಂದು ಹೊರೆ. ಮಲಗುವ ಕೋಣೆಯ ಡಬ್ಬಿ ಟಿ.ವಿ.ಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಡುಮನೆಗೆ ತರುವುದು. ಹಳೆಯ ಕಂಪ್ಯೂಟರನ್ನು ಬೀರುವಿನಿಂದ ಇಳಿಸುವುದು. ಅದು ನೋಡಲು ದಪ್ಪ ಕೀಲಿಮಣೆಯಷ್ಟೇ; ಟಿ.ವಿ.ಯೇ ಅದರ ಪರದೆ, ಕ್ಯಾಸೆಟ್ಟೇ ಅದರ ಊಟ. ಕೀಲಿಗಳ ಸಂದಿಯಲ್ಲಿ ಹೋದ ತಿಂಗಳ ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕೂತಿರುತ್ತಿತ್ತು. ಅದಕ್ಕೂ ಒಂದು ಬ್ರಷ್ಷು. ಕ್ಯಾಸೆಟ್ಟು ಓದುವ ಟೇಪ್ ರೆಕಾರ್ಡರಿನ ತಲೆಗೆ ಸ್ಪಿರಿಟ್ಟು ಹಚ್ಚಿದ ಹತ್ತಿ. ಏಳು ಕುರ್ಚಿ, ಅದರಲ್ಲಿ ಮೂರು ಎರವಲು.

ಬೀದಿಯವರು ಅವಳನ್ನು ಸ್ವೆಟರಮ್ಮ ಎನ್ನುತ್ತಿದ್ದರು. ಅರವತ್ಮೂರು ವರ್ಷ, ಎರಡೂ ಹೆಬ್ಬೆರಳಿಗೆ ಹೆಣಿಗೆ ಕಡ್ಡಿ ಉಜ್ಜಿ ಉಜ್ಜಿ ಗಂಟು. ಬೀದಿಯ ಅರ್ಧ ಮಕ್ಕಳ ಎದೆ ಬೆಚ್ಚಗಿಟ್ಟವಳು. ಗಂಡ ವಿದ್ಯುತ್ ಕಚೇರಿಯ ನಿವೃತ್ತ ಗುಮಾಸ್ತ. ಆದರೆ ಈ ಭಾನುವಾರ ಬರುವ ಸಂಘದವರಿಗೆ ಅವನು ಗುಮಾಸ್ತನಲ್ಲ, ಗುರುಗಳು. ನಲವತ್ತು ವರ್ಷದ ಹಿಂದೆ ಮನೆಯಲ್ಲಿಡುವ ಇಂಥ ಕಂಪ್ಯೂಟರಿಗೆ ಹನ್ನೊಂದು ಆಟ ಬರೆದು ಕ್ಯಾಸೆಟ್ಟಿನಲ್ಲಿ ಹೊರಡಿಸಿದವನು. ಆಗ ಆ ಆಟ ಆಡಿ ಬೆಳೆದ ಹುಡುಗರಿಗೆ ಈಗ ಹೊಟ್ಟೆ ಬಂದಿದೆ, ತಲೆ ಬೋಳಾಗಿದೆ, ಭಕ್ತಿ ಮಾತ್ರ ಹಾಗೇ ಇದೆ.

ಎದುರುಮನೆಯ ದರ್ಜಿಯವಳು ಸ್ವೆಟರಿಗೆ ಗುಂಡಿ ಕೊಡಲು ಬಂದವಳು ಎರವಲು ಕುರ್ಚಿಗಳನ್ನು ನೋಡಿದಳು.

"ಏನಕ್ಕಾ, ಇವತ್ತು ಬಕೆಟ್ ಹಿಡಿಯೋರ ಸಂಘದ ಸಭೆನಾ?"

"ಮೆಲ್ಲಗೆ ಮಾತಾಡೇ. ಒಳಗೆ ಹಲ್ಲು ಹಾಕ್ಕೊತಿದಾರೆ."

"ಕೇಳಿಸ್ಲಿ ಬಿಡು. ಏಳು ಜನ ಗಂಡಸರು, ಏಳು ಬಕೆಟ್ಟು. ಒಬ್ಬ ಹೊಗಳಿ ಕೆಳಗಿಡೋದ್ರೊಳಗೆ ಇನ್ನೊಬ್ಬ ಎತ್ತಿರ್ತಾನೆ."

ಸ್ವೆಟರಮ್ಮ ನಕ್ಕಳು. ಹೊಗಳುಭಟರಿಗೆ ಬಕೆಟ್ ಹಿಡಿಯುವವರು ಅಂತ ಹೆಸರಿಟ್ಟವನು ಯಾರೋ, ಅವನು ನಿಜವಾದ ಬಕೆಟ್ಟು ಎಂದೂ ಹಿಡಿದಿರಲಾರ ಅಂತ ಅವಳಿಗೆ ಅನ್ನಿಸುತ್ತಿತ್ತು.

ಹಿಂದಿನ ದಿನವೇ ಗಂಡ ಒಂದು ಮಾತು ಹೇಳಿದ್ದ. ಅದು ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಸಂಘದವರು ಪುಸ್ತಕ ಹೊರಡಿಸುತ್ತಾರಂತೆ. ಒಬ್ಬೊಬ್ಬರೂ ತಮಗೆ ಮೆಚ್ಚಿನ ಆಟದ ಬಗ್ಗೆ ಬರೆಯುತ್ತಾರಂತೆ. ಜೊತೆಗೆ, ಆಟದ ಗೊಂಬೆಗಳನ್ನು ಮೊದಲು ಬಿಡಿಸಿದ ಚೌಕಳಿ ಪುಸ್ತಕ ಬೇಕಂತೆ. ಸಂಘದಲ್ಲೊಬ್ಬರಾದ ಹಲ್ಲಿನ ಡಾಕ್ಟರು ಫೋನಿನಲ್ಲಿ, ಒಂದು ಚುಕ್ಕೆಯೂ ಬಿಡದೆ ಎಲ್ಲ ಹಾಳೆಯನ್ನೂ ಇದ್ದ ಹಾಗೇ ಅಚ್ಚು ಹಾಕಿಸುತ್ತೇವೆ ಎಂದಿದ್ದರು.

"ಇವಳೇ, ಆ ಪುಸ್ತಕ ಟ್ರಂಕಲ್ಲಿದೆ, ತೆಗೆದಿಡು," ಎಂದಿದ್ದ ಗಂಡ. "ಮಧ್ಯೆ ಮಧ್ಯೆ ನಿನ್ನ ಸ್ವೆಟರಿನ ಹಾಳೆ ಇದಾವಲ್ಲ, ಅವನ್ನ ಕತ್ತರಿಸಿ ತೆಗೆದುಬಿಡು. ಅಚ್ಚಿಗೆ ಹೋಗೋ ವಸ್ತು. ಗಲೀಜಾಗಿ ಕಾಣಬಾರದು."

"ಗಲೀಜಾ?"

"ಅಲ್ಲ, ತೋಳಿಗಿಷ್ಟು ಕುಣಿಕೆ, ಕುತ್ತಿಗೆಗಿಷ್ಟು ಕುಣಿಕೆ ಅಂತೆಲ್ಲ ಇದ್ರೆ ಓದೋರು ಏನಂದ್ಕೋತಾರೆ."

"ಉಳಿದ ಹಾಳೇಲೂ ಅಕ್ಷರ ನಂದೇ ಅಲ್ವಾ ರೀ?"

"ಅಂಕಿ ಯಾರು ಬರೆದ್ರೂ ಅಂಕಿನೇ," ಎಂದು ಅವನು ಪೇಪರು ಮಡಿಚಿದ್ದ.

ಅವಳು ಪುಸ್ತಕ ತೆಗೆದಿದ್ದಳು. ಕತ್ತರಿಯನ್ನೂ ಪಕ್ಕದಲ್ಲಿಟ್ಟಿದ್ದಳು. ಕತ್ತರಿಸಿರಲಿಲ್ಲ.

ಆ ಪುಸ್ತಕದ ಕತೆ ಹೀಗೆ. ಮದುವೆಯಾಗಿ ಬಂದಾಗ ಅವರ ಬಾಡಿಗೆಮನೆ ನಾಲ್ಕನೇ ಮಹಡಿಯಲ್ಲಿತ್ತು, ಕಕ್ಕಸು ಕೆಳಗೆ ಹಿತ್ತಲಲ್ಲಿ. ಅತ್ತೆಗೆ ಅರ್ಧ ಮೈ ಬಿದ್ದುಹೋಗಿತ್ತು. ನಾಲ್ಕು ವರ್ಷ ಅತ್ತೆಯ ಕಕ್ಕಸು ಒಂದು ತಗಡಿನ ಬಕೆಟ್ಟು. ಉಳಿದ ಬಾಡಿಗೆಯವರು ಏಳುವ ಮೊದಲೇ ಅದು ಕೆಳಗಿಳಿಯಬೇಕು, ಮೂಗಿಗೆ ವಾಸನೆ ಬಡಿಯಬಾರದು ಅಂತ ಮನೆಯೊಡತಿಯ ಕಟ್ಟಪ್ಪಣೆ. ಕತ್ತಲಲ್ಲಿ ಅರವತ್ತೆಂಟು ಮೆಟ್ಟಿಲು. ಬಲಗೈಯಲ್ಲಿ ಬಕೆಟ್ಟು, ಎಡಗೈ ಗೋಡೆಗೆ. ತುಳುಕಿದರೆ ತುಳುಕಿದ ಮೆಟ್ಟಿಲನ್ನೂ ತೊಳೆಯಬೇಕು. ಗಂಡ ಏಳುವ ಹೊತ್ತಿಗೆ ಬಕೆಟ್ಟು ತೊಳೆದು ಬೋರಲು ಹಾಕಿದ್ದಾಗಿರುತ್ತಿತ್ತು. ಅವನು ಅದನ್ನು ಕಂಡದ್ದು ಬೋರಲಾಗಿ ಮಾತ್ರ.

ಅದೇ ಮನೆಯಲ್ಲಿ ಅವನು ಕಂತಿನಲ್ಲಿ ಕಂಪ್ಯೂಟರು ತಂದ. ಕಚೇರಿಯಿಂದ ಬಂದು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಬುದ್ಧಿವಂತನೇ, ಅದನ್ನು ಅವಳು ಎಂದೂ ಇಲ್ಲವೆನ್ನಲಿಲ್ಲ. ಗೊಂಬೆ ನಡೆಯುವುದು, ನೆಗೆಯುವುದು, ಬೀಳುವುದು ಎಲ್ಲವನ್ನೂ ಅವನೇ ಬರೆದ. ಗೊಂಬೆಯನ್ನು ಬಿಡಿಸಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಬೆಕ್ಕು ಬಿಡಿಸಿದರೆ ಟೀಪಾಯಿಯ ಹಾಗೆ ಕಾಣುತ್ತಿತ್ತು.

"ನೀನು ಸ್ವೆಟರ್ ಮೇಲೆ ಬಾತುಕೋಳಿ ಹಾಕ್ತೀಯಲ್ಲ ಚೌಕಳಿ ಹಾಳೆ ನೋಡ್ಕೊಂಡು, ಅದೇ ಥರ ಇದು," ಎಂದು ಅವನು ಅವಳಿಗೆ ಲೆಕ್ಕ ಹೇಳಿಕೊಟ್ಟ. ಎಂಟು ಮನೆಯ ಸಾಲು, ಅಂಥ ಎಂಟು ಸಾಲು. ಎಡಗಡೆಯ ಮೊದಲ ಮನೆಗೆ ನೂರಾ ಇಪ್ಪತ್ತೆಂಟು, ಆಮೇಲೆ ಅರವತ್ತನಾಲ್ಕು, ಮೂವತ್ತೆರಡು, ಹದಿನಾರು, ಹೀಗೆ ಅರ್ಧರ್ಧ ಆಗುತ್ತಾ ಕೊನೆಯ ಮನೆಗೆ ಒಂದು. ತುಂಬಿದ ಮನೆಗಳ ಬೆಲೆ ಕೂಡಿಸಿದರೆ ಸಾಲಿಗೊಂದು ಅಂಕಿ. ಎಂಟು ಅಂಕಿ ಕೊಟ್ಟರೆ ಒಂದು ಗೊಂಬೆ.

ಅತ್ತೆ ಮಲಗಿದ ಮಧ್ಯಾಹ್ನ ಅವಳು ಮೊದಲ ಗೊಂಬೆ ಬಿಡಿಸಿದಳು. ಏನು ಬಿಡಿಸಲಿ ಎಂದು ಯೋಚಿಸಲಿಲ್ಲ. ಕೈಗೆ ಬಂದದ್ದು ಬಂತು. ಒಂದು ಕಡೆಗೆ ವಾಲಿದ ಹೆಂಗಸು, ಬಲಗೈಯಲ್ಲಿ ಬಕೆಟ್ಟು. ಆಮೇಲೆ ಅಂಕಿ ಕೂಡಿಸಿದಳು. ಕೂಡಿಸುವಾಗ ಹೆಣಿಗೆಯವಳ ತಪ್ಪು ಮಾಡಿದಳು. ಕಡ್ಡಿಯಲ್ಲಿ ಹೆಣೆಯುವವರು ಚೌಕಳಿ ಹಾಳೆಯನ್ನು ಮೊದಲ ಸಾಲು ಬಲದಿಂದ ಎಡಕ್ಕೆ, ಎರಡನೆಯದು ಎಡದಿಂದ ಬಲಕ್ಕೆ ಓದುತ್ತಾರೆ. ಹೆಣಿಗೆ ಹಾಗೇ ತಿರುಗಿ ತಿರುಗಿ ಹೋಗುವುದು. ಅವಳೂ ಹಾಗೇ ಓದಿದಳು. ನಲವತ್ತೆಂಟಾಗಬೇಕಿದ್ದ ಮೊದಲ ಸಾಲು ಹನ್ನೆರಡಾಯಿತು. ಒಂದು ಬಿಟ್ಟು ಒಂದು ಸಾಲು ಹಿಂದುಮುಂದಾಗಿ, ಟಿ.ವಿ.ಯ ಮೇಲೆ ಹೆಂಗಸಿನ ಬದಲು ಏನೋ ಹರಕಲು, ಎರಡು ಕಡೆಗೂ ಮೈ ಚಾಚಿದ ಆಕಾರ ನಿಂತಿತು.

ಗಂಡ ಬಿದ್ದು ಬಿದ್ದು ನಕ್ಕ. "ಏನೇ ಇದು, ಒಳ್ಳೆ ದೆವ್ವ ಇದ್ದಂಗಿದೆ."

ಎರಡು ದಿನ ಬಿಟ್ಟು ಸಾರು ಕಲಕುತ್ತಿದ್ದಾಗ ಅವಳಿಗೆ ತಪ್ಪು ಹೊಳೆಯಿತು. "ರೀ, ಸರಿ ಮಾಡಿದೀನಿ," ಎಂದು ಹೊಸ ಅಂಕಿ ಕೊಟ್ಟರೆ, "ಬೇಡ, ದೆವ್ವನೇ ಇರ್ಲಿ," ಎಂದ. ಏನು ಬಿಡಿಸಿದ್ದೆ ಎಂದು ಅವನು ಕೇಳಲಿಲ್ಲ. ಅವನ ಆಟದಲ್ಲಿ ನಾಲ್ಕು ಮಹಡಿಯ ಒಂದು ಮನೆ, ಬೆಳಗಿನ ಜಾವ ದೆವ್ವ ಮೆಟ್ಟಿಲಿಳಿದು ಬರುತ್ತದೆ, ಮುಟ್ಟಿದರೆ ಸಾವು. ಆಟದ ಹೆಸರು 'ನಾಲ್ಕನೇ ಮಹಡಿ'. ಹನ್ನೊಂದು ಆಟದಲ್ಲಿ ಓಡಿದ್ದು ಅದೇ. ಆಮೇಲಿನ ಹತ್ತು ಆಟಗಳಿಗೂ ಗೊಂಬೆಗಳನ್ನು ಅವಳೇ ಬಿಡಿಸಿದಳು: ಬೆಕ್ಕು, ಲಾರಿ, ಕಳ್ಳ, ಪೊಲೀಸು, ಉರಿಯುವ ಒಲೆ. ಸಾಲು ಮತ್ತೆ ತಪ್ಪಲಿಲ್ಲ. ನಡುವೆ ಬಿಡುವಾದ ಹಾಳೆಗಳಲ್ಲಿ ಸ್ವೆಟರಿನ ಲೆಕ್ಕ ಬರೆದುಕೊಂಡಳು.

ಮೊದಮೊದಲು ಅವನು ಬಂದವರಿಗೆಲ್ಲ "ಗೊಂಬೆ ಇವಳ ಕೈಲಿ ಬರೆಸಿದೆ" ಎನ್ನುತ್ತಿದ್ದ. ಹತ್ತು ವರ್ಷ ಕಳೆದ ಮೇಲೆ "ಗೊಂಬೆ ಬರೆಸಿದೆ" ಎಂದ. ಇವಳೂ ಇವಳ ಕೈಯೂ ಬಿದ್ದುಹೋದವು. ಈಗ "ಗೊಂಬೆ ಬರೆದೆ" ಎನ್ನುತ್ತಾನೆ. ಬಿದ್ದದ್ದು ಒಂದು 'ಸಿ' ಅಷ್ಟೇ. ಮನೆಯಲ್ಲಿ ಸೂಜಿ ಬಿದ್ದರೆ ಹುಡುಕುತ್ತಾರೆ, 'ಸಿ' ಬಿದ್ದರೆ ಯಾರು ಹುಡುಕುತ್ತಾರೆ.

ಹತ್ತು ಗಂಟೆಗೆ ಏಳು ಜನ ಬಂದರು. ಏಳು ಜೊತೆ ಚಪ್ಪಲಿ ಬೂಟು ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದವು. ಕಾಲುಚೀಲದ ಬೆವರಿನ ಹುಳಿನಾತ ನಡುಮನೆಗೆ ಹಬ್ಬಿತು. ಮೂವರನ್ನು ಅವಳು ಚೆನ್ನಾಗಿ ಬಲ್ಲಳು. ಹಲ್ಲಿನ ಡಾಕ್ಟರು, ದಿನವಿಡೀ ಊರವರ ಬಾಯಿ ತೊಳೆಸುವವರು, ಈ ಮನೆಯ ಬಚ್ಚಲಿಗೆ ಹೋಗಿಬಂದರೆ ಮಾತ್ರ ನೆಲವೆಲ್ಲ ಹನಿ. ಎರಡನೆಯವನು ಕ್ಯಾಸೆಟ್ಟು, ಹನ್ನೊಂದು ಆಟದ ಕ್ಯಾಸೆಟ್ಟುಗಳನ್ನೂ ಮೂರು ಮೂರು ಪ್ರತಿ ಇಟ್ಟುಕೊಂಡವನಾದ್ದರಿಂದ ಆ ಹೆಸರು. ಅವನು ಬಿಸ್ಕತ್ತನ್ನು ಟೀಯಲ್ಲಿ ಅದ್ದುವ ರೀತಿ ಹೀಗೆ: ಎರಡು ಬೆರಳೂ ಟೀಯೊಳಗೆ ಮುಳುಗಿ, ಮೇಲೆದ್ದು, ಬಾಯಿಗೆ ಹೋಗಿ, ಚೀಪಿಸಿಕೊಂಡು, ನೆಟ್ಟಗೆ ಕೀಲಿಮಣೆಗೆ. ಮೂರನೆಯವರು ಗಣಿತದ ಮೇಷ್ಟ್ರು, ಮಾತು ಕಮ್ಮಿ, ಉಗುರು ಕಡಿಯುವುದು ಜಾಸ್ತಿ. ಕಡಿದದ್ದನ್ನು ಕುರ್ಚಿಯ ಕೆಳಗೆ ಉಗುಳುತ್ತಿದ್ದರು. ಸಂಜೆ ಅದು ಅವಳ ಅಂಗಾಲಿಗೆ ಸಿಗುತ್ತಿತ್ತು.

ಟೇಪ್ ರೆಕಾರ್ಡರು ಕೀರಲು ಧ್ವನಿಯಲ್ಲಿ ಕಿರುಚಿ ಆಟ ಉಣಿಸಿತು. ಎಲ್ಲರೂ ಮಗು ಮಾತಾಡಿತೇನೋ ಎಂಬಂತೆ ಕಿವಿಗೊಟ್ಟು ಕೂತರು.

"ನನಗೆ ಇವತ್ತಿಗೂ 'ಕಳ್ಳನ ಲಾರಿ'ನೇ," ಎಂದರು ಡಾಕ್ಟರು. "ಅದನ್ನ ಆಡ್ತಾ ಆಡ್ತಾ ಪರೀಕ್ಷೆ ಫೇಲಾದೆ. ಗುರುಗಳೇ, ನಾನು ಫೇಲಾಗಿದ್ದು ನಿಮ್ಮಿಂದ."

"ಪಾಸಾಗಿದ್ದು ಯಾರಿಂದ್ರೀ? ನಿಮ್ಮ ಕೈಲಿ ಹಲ್ಲು ಕೀಳಿಸ್ಕೊಂಡೋರು ಕೇಳ್ತಿದಾರೆ," ಎಂದ ಕ್ಯಾಸೆಟ್ಟು. ಎಲ್ಲರೂ ನಕ್ಕರು. "ನಂಗಂತೂ ನಾಲ್ಕನೇ ಮಹಡಿ. ಆ ದೆವ್ವ ಮೆಟ್ಟಿಲಿಳಿಯೋದು ಕಂಡ್ರೆ ಈಗ್ಲೂ ಒಂದಕ್ಕೆ ಅವಸರ ಆಗುತ್ತೆ."

"ನೆಲದ ಮೇಲೆ ಬೇಡಪ್ಪ," ಎಂದಳು ಸ್ವೆಟರಮ್ಮ ಟ್ರೇ ಇಡುತ್ತಾ. ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ.

ಅಷ್ಟರಲ್ಲಿ ಗಣಿತದ ಮೇಷ್ಟ್ರು ಬಾಯಿಂದ ಬೆರಳು ತೆಗೆದರು. ಅವರ ಮುಖ ಕೆಂಪಾಗಿತ್ತು.

"ಗುರುಗಳೇ, ನಾನೊಂದು ತೋರಿಸ್ಬೇಕು. ತಪ್ಪಾದ್ರೆ ಕ್ಷಮಿಸಿ. ನೀವು ನಲವತ್ತು ವರ್ಷ ಬಚ್ಚಿಟ್ಟಿದ್ದು ನನಗೆ ಸಿಕ್ಕಿದೆ."

"ಏನಪ್ಪಾ ಅದು?"

"ದೆವ್ವ. ಆ ಎಂಟು ಅಂಕಿ ಹಾಳೆ ಮೇಲೆ ಬರ್ಕೊಂಡು ಕೂತಿದ್ದೆ. ಸಾಲು ಬಿಟ್ಟು ಸಾಲು ತಿರುಗಿಸಿ ನೋಡಿದೆ." ಅವರು ಕೀಲಿಮಣೆಯ ಮೇಲೆ ಬಗ್ಗಿ ನಾಲ್ಕು ಅಂಕಿ ಬದಲಿಸಿದರು. ನಾಲ್ಕೇ ಸಾಲು ತಿರುಗಿದರೆ ಸಾಕಿತ್ತು.

ಟಿ.ವಿ.ಯ ನಡುವೆ ಒಂದು ಹೆಂಗಸು ನಿಂತಳು. ಒಂದು ಕಡೆಗೆ ವಾಲಿದವಳು, ಬಲಗೈಯಲ್ಲಿ ಬಕೆಟ್ಟು.

ಸ್ವೆಟರಮ್ಮನ ಕೈಯಲ್ಲಿ ಖಾಲಿ ಟ್ರೇ ಇತ್ತು. ಅವಳ ಬಲಭುಜ ತಾನಾಗಿ ಕೆಳಗೆ ವಾಲಿತು. ಅವಳು ಬಿಡಿಸಿದ್ದು ಬಿಡಿಸಿದ ಹಾಗೆ ಬೆಳಕಿಗೆ ಬಂದದ್ದು ಇದೇ ಮೊದಲು. ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಸಂತೋಷವಾಯಿತು. ಪರವಾಗಿಲ್ಲ, ಸೊಂಟ ಚೆನ್ನಾಗಿ ಬಂದಿದೆ ಅಂದುಕೊಂಡಳು.

ಎಲ್ಲರೂ ಗುರುಗಳ ಕಡೆ ನೋಡಿದರು. ಗಂಡ ಪರದೆಯನ್ನೇ ನೋಡುತ್ತಿದ್ದ. ಅವನಿಗೆ ಇದು ಯಾರು ಎಂಬುದರ ಗಂಧಗಾಳಿಯೂ ಇಲ್ಲ ಎನ್ನುವುದು ಅವಳಿಗೆ ನಿಚ್ಚಳವಾಗಿ ಕಂಡಿತು. ಆ ಬಕೆಟ್ಟನ್ನು ಒಂದು ದಿನ ಎತ್ತಿದ್ದರೂ ಗುರುತು ಸಿಗುತ್ತಿತ್ತು. ಅವನ ಬಾಯಲ್ಲಿ ಹಲ್ಲಿನ ಸೆಟ್ಟು 'ಟಕ್' ಎಂದಿತು. ಸುಳ್ಳು ಹೇಳುವ ಮೊದಲು ಅವನು ನಾಲಗೆಯಿಂದ ಸೆಟ್ಟನ್ನು ಮೇಲಕ್ಕೊತ್ತುತ್ತಿದ್ದ.

"ಯಾರಾದ್ರೂ ಒಬ್ಬ ಕಂಡುಹಿಡೀತಾನೆ ಅಂತ ಕಾಯ್ತಾ ಇದ್ದೆ," ಎಂದ ಮೆಲ್ಲಗೆ. "ಅದು ನಮ್ಮಮ್ಮ."

"ಅಮ್ಮ," ಎಂದರು ಡಾಕ್ಟರು ಗದ್ಗದರಾಗಿ.

"ಜೀವಮಾನ ದುಡಿದು ಸವೆದವಳು. ಅವಳನ್ನ ಅಲ್ಲಿ ಅಡಗಿಸಿದೆ."

"ಕೈಲಿರೋ ಬಕೆಟ್ಟಲ್ಲಿ ಏನಿದೆ ಗುರುಗಳೇ?" ಕೇಳಿದರು ಮೇಷ್ಟ್ರು. "ಅದರ ಅರ್ಥ ಮಾತ್ರ ನನಗೆ ಹತ್ತಲಿಲ್ಲ."

ಟಕ್.

"ಹಾಲು," ಎಂದ ಗಂಡ. "ತಾಯಿ ಅಂದ್ರೆ ಇನ್ನೇನು. ಹಾಲು."

ಕ್ಯಾಸೆಟ್ಟು ಕಣ್ಣೊರೆಸಿಕೊಂಡ, ಅದೇ ಎರಡು ಬೆರಳಿನಿಂದ. ಡಾಕ್ಟರು ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. "ಬನ್ನಿ ಅಮ್ಮಾ, ಹತ್ತಿರದಿಂದ ನೋಡಿ. ನಿಮ್ಮ ಅತ್ತೆ."

ಅವಳು ಆ ಕೈಯಿಂದ ಭುಜ ಬಿಡಿಸಿಕೊಂಡಳು. "ಒಲೆ ಮೇಲೆ ನೀರಿಟ್ಟಿದೀನಿ," ಎಂದು ಒಳಗೆ ಹೋದಳು. ನೀರು ಇಟ್ಟಿರಲಿಲ್ಲ.

ಗಂಡ ಹಿಂದೆಯೇ ಬಂದ. ಅವನ ಮುಖ ಬೆಳಗುತ್ತಿತ್ತು. "ಎಲ್ಲರೂ ಅಂಗಳದಲ್ಲಿ ಫೋಟೋ ತೆಗೆಸ್ಕೊತೀವಿ. ಡಾಕ್ಟರು ಹೋಗ್ತಾ ಪುಸ್ತಕ ಪ್ರೆಸ್ಸಿಗೆ ಕೊಟ್ಟು ಹೋಗ್ತಾರೆ. ಹಾಳೆ ಕತ್ತರಿಸಿದೀಯ ತಾನೇ?"

"ಅದು ಅತ್ತೆನಾ ರೀ?"

"ಇನ್ಯಾರು? ನೀನೇ ತಾನೆ ಬಿಡಿಸಿದ್ದು, ನಿನಗೆ ಗೊತ್ತಿಲ್ವಾ." ಅವನು ಅವಳ ಮುಖ ನೋಡಿದ. "ಹೋಗ್ಲಿ ಬಿಡು. ಅಮ್ಮ ಅಂದ್ರೆ ಅವರಿಗೂ ಖುಷಿ. ಬೇಗ ಮುಗಿಸು."

ಅವರು ಹೊರಗೆ ಹೋದರು. ಯಾರು ಯಾರ ಪಕ್ಕ ನಿಲ್ಲಬೇಕು ಎಂದು ಚರ್ಚೆ ಕೇಳಿಸುತ್ತಿತ್ತು. ನಡುಮನೆಯಲ್ಲಿ ಏಳು ಲೋಟ, ತಳದಲ್ಲಿ ಕರಗಿದ ಬಿಸ್ಕತ್ತಿನ ಕೆಸರು. ಟಿ.ವಿ.ಯಲ್ಲಿ ಹೆಂಗಸು ಬಕೆಟ್ಟು ಹಿಡಿದು ನಿಂತೇ ಇದ್ದಳು. ಇಳಿಸು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಅವಳು ಹೊಲಿಗೆಯ ಮೂಲೆಯಲ್ಲಿ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಮತ್ತೆ ಟ್ರಂಕಿಗೆ ಹಾಕಿ, ಇಲಿ ತಿಂದಿದೆ ಎನ್ನಬಹುದು. ಆಗ ಹಾಲು ಹಾಲಾಗಿಯೇ ಉಳಿಯುತ್ತದೆ. ಅಂಗಳಕ್ಕೆ ಹೋಗಿ ಎಲ್ಲರೆದುರು ಹೇಳಬಹುದು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಅಯ್ಯೋ ಅಮ್ಮಾ, ನೀವಾ" ಎನ್ನುತ್ತಾರೆ. ಮುಂದಿನ ತಿಂಗಳಿಂದ ಅವಳ ಸುತ್ತ ಕೂತು ಬಿಸ್ಕತ್ತು ಅದ್ದುತ್ತಾರೆ, ಅವಳನ್ನು ಹೊಗಳುತ್ತಾರೆ, ಲೋಟ ತೊಳೆಯುವವಳು ಆಗಲೂ ಅವಳೇ. ಅವರ ಬಾಯಿಂದ ಬರುವ ಹೊಗಳಿಕೆ ಆ ಲೋಟದ ತಳದ ಕೆಸರಿನ ಹಾಗೆ ಕಂಡಿತು. ಅದು ಅವಳಿಗೆ ಬೇಡ. ಅವಳಿಗೆ ಬೇಕಿದ್ದದ್ದು ಒಂದೇ: ಆ ಅರವತ್ತೆಂಟು ಮೆಟ್ಟಿಲು ಇಳಿದವಳ ಕೈಯಿಂದ ಬಕೆಟ್ಟನ್ನು ಕಿತ್ತು ಇನ್ನೊಬ್ಬಳ ಕೈಗೆ ಕೊಡಬಾರದು. ಅದೂ, ಅದನ್ನು ತುಂಬಿಸಿದವಳ ಕೈಗೆ.

ಕತ್ತರಿ ಎತ್ತಿಕೊಂಡಳು. ಎತ್ತಿಕೊಂಡು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ಸ್ವೆಟರು ಕೂಡಿಸುವ ದಪ್ಪ ಸೂಜಿಗೆ ಶಾಲೆಯ ನೀಲಿ ಉಲ್ಲನ್ನು ಎರಡೆಳೆ ಪೋಣಿಸಿದಳು. ಪುಸ್ತಕದ ಬೆನ್ನಿನುದ್ದಕ್ಕೂ, ಗೊಂಬೆಯ ಹಾಳೆ ಸ್ವೆಟರಿನ ಹಾಳೆ ಎಲ್ಲವನ್ನೂ ಸೇರಿಸಿ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಎರಡು ಸುತ್ತು ಹೊಲಿದಳು. ಮಕ್ಕಳು ಎಷ್ಟು ಎಳೆದಾಡಿದರೂ ಬಿಚ್ಚದ ಗಂಟು ಹಾಕಿದಳು. ಇನ್ನು ಒಂದು ಹಾಳೆ ಕೀಳಬೇಕೆಂದರೂ ಪುಸ್ತಕವನ್ನೇ ಹರಿಯಬೇಕು. ಒಂದು ಚುಕ್ಕೆಯೂ ಬಿಡದೆ ಅಚ್ಚು ಹಾಕಿಸುತ್ತಾರಂತಲ್ಲ, ಹಾಕಿಸಲಿ.

ಹೊರಗೆ ಯಾರೋ ನಗಿ ನಗಿ ಎನ್ನುತ್ತಿದ್ದರು.

ಅವಳು ಮೊದಲ ಹಾಳೆ ತೆರೆದಳು. ಎಂಟು ಮನೆ, ಎಂಟು ಸಾಲು, ವಾಲಿದ ಹೆಂಗಸು, ಪಕ್ಕದಲ್ಲಿ ತಪ್ಪು ಅಂಕಿ, ಅದರ ಪಕ್ಕ ಸರಿ ಮಾಡಿದ ಅಂಕಿ. ಕೆಳಗೆ ಎರಡು ಬೆರಳಗಲ ಜಾಗವಿತ್ತು. ಪೆನ್ನು ತೆಗೆದುಕೊಂಡು, ಅಂಕಿ ಬರೆದ ಅದೇ ದುಂಡನೆಯ ಕೈಯಲ್ಲಿ ಬರೆದಳು: "ಇದು ನಮ್ಮ ಅತ್ತೆಯಲ್ಲ. ಬಕೆಟ್ ಹಿಡಿದವಳು ನಾನು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಪುಸ್ತಕ ಮುಚ್ಚಲು ಹೋದಳು. ಅಂಗಳದಿಂದ ಗಂಡ ಕೂಗಿದ, "ಇವಳೇ, ಆಯ್ತಾ?"

"ಒಂದು ಸಾಲಿದೆ," ಎಂದಳು.

ಮತ್ತೆ ಹಾಳೆ ಬಿಡಿಸಿ, ಉಳಿದ ಜಾಗದಲ್ಲಿ, ಮೇಷ್ಟ್ರಿಗೆ ಅರ್ಥ ಹತ್ತಲಿ ಎಂದು ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಬರೆದಳು: "ಅದರಲ್ಲಿದ್ದದ್ದು ಹಾಲಲ್ಲ, ಹೇಲು."